ಮಕ್ಕಳ ಗೀತನಾಟಕಕ್ಕೆ ಯಕ್ಷಗಾನದ ವೇಷ ಬಾಡಿಗೆಗೆ ತರಬೇಕಾ? ಕಾಡಿನ ಪರದೆಗೆ ಏನು ಮಾಡಲಿ?

ಹೊಳೆಬದಿ ಟೀಚರ್

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕದ ಕಡೆಯ ಒಂದು ಯುಪಿ (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಜನವರಿಯಲ್ಲಿ ನಮ್ಮ ವಾರ್ಷಿಕೋತ್ಸವ. ಈ ಸಲ ಏಕಲವ್ಯನ ಕತೆಯನ್ನು ಗೀತನಾಟಕವಾಗಿ ಆಡಿಸಬೇಕು ಅಂತ ಹೊರಟಿದ್ದೇವೆ. ಮಾತು ಕಡಿಮೆ, ಹೆಚ್ಚಿನದೆಲ್ಲ ಹಾಡು. 40 ನಿಮಿಷದ ಆಟ, 22 ಮಕ್ಕಳು. ಹಾರ್ಮೋನಿಯಂ, ತಬಲ, ಒಂದು ಕೊಳಲು. ಮಕ್ಕಳೇ ರಂಗದ ಮೇಲೆ ನಿಂತು ಹಾಡುತ್ತಾರೆ, ರೆಕಾರ್ಡ್ ಹಾಕುವುದಿಲ್ಲ.

ಹಾಡು ಕಲಿತಾಗಿದೆ. ಮನೆಯಲ್ಲಿ ಮಲಯಾಳ ಮಾತಾಡುವ ಮಕ್ಕಳೂ ಚೆಂದಕ್ಕೆ ಹಾಡುತ್ತಿದ್ದಾರೆ. ಈಗ ತಲೆಬಿಸಿ ಇರುವುದು ವೇಷದ್ದು ಮತ್ತು ರಂಗದ್ದು. ಪಿಟಿಎಯವರು (ರಕ್ಷಕ-ಶಿಕ್ಷಕ ಸಂಘ) 12,000 ರೂಪಾಯಿ ಕೊಡುತ್ತಾರೆ. ಅವರಲ್ಲಿ ಹಿರಿಯರು ಕೆಲವರು, ಯಕ್ಷಗಾನದ ವೇಷ ಬಾಡಿಗೆಗೆ ತನ್ನಿ ಟೀಚರ್, ಕಿರೀಟ ಕಟ್ಟಿದರೆ ರಂಗ ತುಂಬಿ ಕಾಣುತ್ತದೆ ಅನ್ನುತ್ತಿದ್ದಾರೆ. ಹಿಂದೆ ಕಾಡಿನ ಚಿತ್ರದ ದೊಡ್ಡ ಫ್ಲೆಕ್ಸ್ ಹಾಕುವ ಅಂತ ಇನ್ನೊಬ್ಬರು.

ನನಗೆ ಹೆದರಿಕೆ ಯಾಕೆ ಅಂದರೆ ಕಳೆದ ವರ್ಷ ಹಾಗೇ ಬಾಡಿಗೆಗೆ ತಂದಿದ್ದೆವು. ಆರನೇ ಕ್ಲಾಸಿನ ಒಬ್ಬಳಿಗೆ ದಗಲೆ, ಅಂದರೆ ವೇಷದ ಮೇಲಂಗಿ, ದೊಡ್ಡದಾಯಿತು. ಜಾರಬಾರದು ಅಂತ ಸೊಂಟಕ್ಕೂ ಎದೆಗೂ ಹಗ್ಗ ಬಿಗಿದು ಕಟ್ಟಿದರು. ಅಭ್ಯಾಸದಲ್ಲಿ ಮೇಲಿನ ಷಡ್ಜ ಸಲೀಸಾಗಿ ಹಿಡಿಯುತ್ತಿದ್ದ ಹುಡುಗಿ ಅವತ್ತು ಅರ್ಧ ಸಾಲಿಗೆ ಉಸಿರು ಎಳೆದಳು. ಸ್ವರ ಒಡೆಯಿತು. ಒಳಗೆ ಬಂದು ಬಿಚ್ಚಿ ನೋಡಿದರೆ ಪಕ್ಕೆಲುಬಿನ ಮೇಲೆ ಹಗ್ಗದ ಕೆಂಪು ಬರೆ. ಅವಳು ಅಳಲಿಲ್ಲ, "ಸಾರಿ ಟೀಚರ್" ಅಂದಳು. ಆ ಮಾತು ನನಗೆ ಇವತ್ತಿಗೂ ನೆನಪಾಗುತ್ತದೆ.

ಗೊತ್ತಿದ್ದವರು ದಾರಿ ಹೇಳಿ. ನಮ್ಮ ರಂಗ ಸುಮಾರು 20 ಅಡಿ ಅಗಲ, 14 ಅಡಿ ಆಳ. ಹಿಂದೆ ಮುರಕಲ್ಲಿನ ಗೋಡೆ.

ಚೌಕಿಮನೆ

ಟೀಚರ್, ನಾನು ತೆಂಕುತಿಟ್ಟು ಶೈಲಿಯ ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ವೇಷ ಕಟ್ಟುವ ಕೆಲಸ ಮಾಡುವವ. ಬಾಡಿಗೆಗೆ ಕೊಡುವುದೂ ಉಂಟು. ಆದರೂ ಹೇಳುತ್ತೇನೆ, ಈ ಆಟಕ್ಕೆ ನಮ್ಮ ವೇಷ ಬೇಡ.

ಯಕ್ಷಗಾನದಲ್ಲಿ ಹಾಡುವುದು ಯಾರು? ಭಾಗವತರು. ಅವರ ಮೈಮೇಲೆ ಏನಿದೆ? ಒಂದು ಅಂಗಿ, ಮುಂಡು, ತಲೆಗೆ ಮುಂಡಾಸು, ಅಷ್ಟೇ. ವೇಷಧಾರಿ ಕುಣಿಯುತ್ತಾನೆ, ಅರ್ಥ ಹೇಳುತ್ತಾನೆ, ಹಾಡುವುದಿಲ್ಲ. ಎದೆಕಟ್ಟು, ಭುಜಕೀರ್ತಿ, ಡಾಬು, ಕಚ್ಚೆ ಎಲ್ಲ ಬಿಗಿದು ಕಟ್ಟುವುದು ಯಾಕೆಂದರೆ ಧೀಂಗಿಣ ಹಾಕುವಾಗ, ಗಿರಗಿರನೆ ಹಾರಿ ತಿರುಗುವಾಗ, ಒಂದೂ ಕಳಚಬಾರದು. ಅದು ಕುಣಿಯುವ ಮೈಗೆ ಅಂತಲೇ ಬೆಳೆದು ಬಂದ ಕಟ್ಟು. ಹಾಡುವ ಮಗುವಿಗೆ ಅದನ್ನು ಕಟ್ಟಿದರೆ ನೀವು ಹೇಳಿದ ಹಾಗೆಯೇ ಆಗುತ್ತದೆ. ಆ ಹುಡುಗಿಯ ತಪ್ಪು ಏನೂ ಇಲ್ಲ, ದಯವಿಟ್ಟು ಅವಳಿಗೆ ಇದನ್ನು ಓದಿ ಹೇಳಿ.

ಇನ್ನೊಂದು ವಿಷಯ. ನಮ್ಮ ವೇಷ ದೊಡ್ಡದಾಗಿ ಕಾಣುವುದು ಸುಮ್ನೆ ಅಲ್ಲ. ದೀವಟಿಗೆ ಬೆಳಕಿನಲ್ಲಿ, ಗದ್ದೆಯ ಆಚೆ ಕೂತವನಿಗೂ ಕಾಣಬೇಕಿತ್ತು. ಕೆಂಪು, ಕಪ್ಪು, ಹಳದಿ, ಬೇಗಡೆ, ಕನ್ನಡಿ ಚೂರು ಎಲ್ಲ ಆ ಮಂದ ಬೆಳಕನ್ನು ಹಿಡಿದು ಹಿಂದಕ್ಕೆ ಎಸೆಯುತ್ತಿದ್ದವು. ರಾಕ್ಷಸರಂಥ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಎಂಬ ಉಬ್ಬು ಚುಕ್ಕೆ ಇಡಲು ಗಂಟೆಗಟ್ಟಲೆ ಕೂರುತ್ತಾರೆ. ಆ ಮುಖಕ್ಕೆ ತಕ್ಕ ಹೆಜ್ಜೆ ಉಂಟು, ಅಬ್ಬರ ಉಂಟು, ಚೆಂಡೆ ಉಂಟು. ಹೆಜ್ಜೆ ಬಿಟ್ಟು ಕಿರೀಟ ಮಾತ್ರ ತಂದರೆ ಅದು ಗೋಡೆಗೆ ತೂಗುಹಾಕಿದ ಹಾಗೆ ಆಗುತ್ತದೆ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನೆಲದವರು ನಾವು, ಮಕ್ಕಳಿಗೆ ಯಕ್ಷಗಾನ ಕಲಿಸುವುದಾದರೆ ಪೂರ್ತಿ ಕಲಿಸುವ. ನಾನೇ ಬರುತ್ತೇನೆ.

ಮಕ್ಕಳಿಗೆ ಕುತ್ತಿಗೆ ಬಿಗಿಯದ, ಪಕ್ಕೆ ಬಿಗಿಯದ ಬಟ್ಟೆ ಹಾಕಿ. ಸೊಂಟಕ್ಕೆ ಕಟ್ಟುವುದಾದರೆ ಮಗು ಪೂರ್ತಿ ಉಸಿರು ಎಳೆದು ನಿಂತಾಗ ಗಂಟು ಹಾಕಿ, ಉಸಿರು ಬಿಟ್ಟಾಗ ಅಲ್ಲ. ಕಿವಿ ಮುಚ್ಚುವ ಶಿರೋಭೂಷಣ ಬೇಡವೇ ಬೇಡ. ತನ್ನ ಶ್ರುತಿ ತನಗೇ ಕೇಳದಿದ್ದರೆ ಹಾಡುವುದು ಹೇಗೆ?

ಉಪ್ಪಳದ ಬೆಳಕು

ಚೌಕಿಮನೆ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ನಾಟಕಗಳಿಗೆ ಲೈಟ್ ಮಾಡುತ್ತೇನೆ, ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ಫ್ಲೆಕ್ಸ್ ಬೇಡ ಟೀಚರ್. ಫ್ಲೆಕ್ಸ್ ಹೊಳೆಯುತ್ತದೆ. ಮುಂದಿನಿಂದ ಲೈಟ್ ಬಿದ್ದ ಕೂಡಲೇ ಕಾಡಿನ ನಡುವೆ ಒಂದು ಬಿಳಿ ಕಲೆ ಕಾಣುತ್ತದೆ. ಅದೂ ಅಲ್ಲದೆ ಫೋಟೋದ ಮರದಲ್ಲಿ ಸಾವಿರ ಎಲೆ, ಅದರ ಮುಂದೆ ನಾಲ್ಕೂವರೆ ಅಡಿಯ ಮಗು. ಕಣ್ಣು ಎಲ್ಲಿಗೆ ಹೋಗಬೇಕು?

ಈ ಜಗಳ ಹಳೆಯದು. ಅಡಾಲ್ಫ್ ಅಪ್ಪಿಯಾ ಅಂತ ಸ್ವಿಟ್ಜರ್ಲೆಂಡಿನವರೊಬ್ಬರು ಇದ್ದರು, 1862ರಿಂದ 1928. ಜರ್ಮನಿಯ ಸಂಗೀತಗಾರ ವಾಗ್ನರ್‌ನ ಒಪೆರಾಗಳನ್ನು, ಅಂದರೆ ಅವರ ಕಡೆಯ ಗೀತನಾಟಕಗಳನ್ನು, ರಂಗಕ್ಕೆ ಹೇಗೆ ತರಬೇಕು ಅಂತ ಇಡೀ ಜೀವನ ಯೋಚಿಸಿದವರು. ಆಗಿನ ಒಪೆರಾದಲ್ಲಿ ಬಟ್ಟೆಯ ಮೇಲೆ ಬರೆದ ಮರಗಳ ಸಾಲು, ಮುಂದೆ ರಕ್ತಮಾಂಸದ ಗಾಯಕ. ಬರೆದ ಮರ ಕಾಣಲಿ ಅಂತ ಎಲ್ಲ ಕಡೆಗೂ ಒಂದೇ ಸಮ ಬೆಳಕು ಹಾಕಿದರೆ ಗಾಯಕನ ಮೈಯೂ ಚಪ್ಪಟೆಯಾಗುತ್ತಿತ್ತು. ಅಪ್ಪಿಯಾ ಕೇಳಿದ್ದು ಇಷ್ಟು: ಕಾಡನ್ನು ಯಾಕೆ ತೋರಿಸಬೇಕು, ಕಾಡಿನೊಳಗೆ ಇರುವ ಮನುಷ್ಯನನ್ನು ತೋರಿಸಿದರೆ ಸಾಲದಾ? ಎಲೆಯ ನೆರಳು ಅವನ ಮೈಮೇಲೆ ಬಿದ್ದರೆ ನಮಗೆ ಕಾಡು ಗೊತ್ತಾಗುತ್ತದೆ. ಅವರು ರಂಗದ ಮೇಲೆ ಮೆಟ್ಟಿಲು, ಕಟ್ಟೆ, ಇಳಿಜಾರು ಇಟ್ಟರು. ಉಳಿದದ್ದನ್ನು ಬೆಳಕಿಗೆ ಬಿಟ್ಟರು. ಏಕಲವ್ಯನ ಕತೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಗೊತ್ತಿಲ್ಲ.

ನಿಮ್ಮಲ್ಲಿ ಮಾಡಲು ಸುಲಭ. ರಟ್ಟಿನಲ್ಲಿ ಎಲೆಯ ಆಕಾರದ ತೂತು ಕೊರೆದು ಲೈಟಿನ ಮುಂದೆ ಸ್ವಲ್ಪ ದೂರದಲ್ಲಿ ನಿಲ್ಲಿಸಿ. ಲೈಟಿಗೆ ತಾಗಿಸಬೇಡಿ, ಹಳೆಯ ಹ್ಯಾಲೋಜನ್ ಆದರೆ ಬೆಂಕಿ ಹಿಡಿಯುತ್ತದೆ. ಇಲ್ಲವಾದರೆ ನಿಜವಾದ ಮರದ ಒಂದು ಗೆಲ್ಲನ್ನೇ ಕಟ್ಟಿ. ಹಿಂದಿನ ಗೋಡೆಗೆ ಗೋಣಿಬಟ್ಟೆ ಹೊಲಿದು ಇಳಿಬಿಡಿ. ಗೋಣಿ ಹೊಳೆಯುವುದಿಲ್ಲ, ಯಾವ ಬಣ್ಣದ ಬೆಳಕು ಹಾಕಿದರೂ ಹಾಗೇ ತೆಗೆದುಕೊಳ್ಳುತ್ತದೆ.

ಬಟ್ಟೆಯ ಬಣ್ಣ ಗಟ್ಟಿ ಮಾಡುವ ಮೊದಲು ಲೈಟಿನ ಕೆಳಗೆ ಹಿಡಿದು ನೋಡಿ. ಕೆಂಪು ಬೆಳಕಿನಲ್ಲಿ ಹಸಿರು ಬಟ್ಟೆ ಕಪ್ಪಾಗುತ್ತದೆ. ಹಳದಿ ಬಟ್ಟೆ ನೀಲಿ ಬೆಳಕಿನಲ್ಲಿ ಸತ್ತ ಹಾಗೆ ಕಾಣುತ್ತದೆ. ಅಪ್ಪಟ ಬಿಳಿ ಬೇಡ, ಮುಖಕ್ಕಿಂತ ಜಾಸ್ತಿ ಅದೇ ಬೆಳಗುತ್ತದೆ. ಬಿಳಿ ಮುಂಡನ್ನು ಚಾಹುಡಿ ನೀರಿನಲ್ಲಿ ಒಮ್ಮೆ ಅದ್ದಿದರೆ ಸಾಕು.

ಪರದೆ ಬರೆಯುವವ

ಇಲ್ಲಿ ಸ್ವಲ್ಪ ತಡೆಯಿರಿ. ಫ್ಲೆಕ್ಸ್ ಬೇಡ ಅಂದದ್ದಕ್ಕೆ ಒಪ್ಪಿಗೆ. ಆದರೆ ಬರೆದ ಪರದೆಯೇ ಕೆಟ್ಟದ್ದು ಅನ್ನುವ ಹಾಗೆ ಮಾತು ಹೋಗುತ್ತಿದೆ, ಅದು ನನಗೆ ಬೇಸರ. ನಮ್ಮ ಕಂಪೆನಿ ನಾಟಕಗಳು ಅರಮನೆ ಪರದೆ, ಬೀದಿ ಪರದೆ, ಕಾಡಿನ ಪರದೆ ಅಂತ ಊರೂರಿಗೆ ಹೊತ್ತುಕೊಂಡು ಹೋಗಿವೆ. ಹುಡಿ ಬಣ್ಣಕ್ಕೆ ಸರೇಸು (ಅಂಟು) ಕಾಯಿಸಿ ಹಾಕಿ ಬರೆಯುತ್ತಿದ್ದರು. ಪರದೆ ಏಳುವಾಗ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಗುಬ್ಬಿ ವೀರಣ್ಣನವರ ಕಂಪೆನಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದದ್ದು ಎಲ್ಲರಿಗೂ ಗೊತ್ತು.

ಒಪೆರಾದಲ್ಲಿಯೂ ಬರೆದ ಪರದೆ ಸತ್ತಿಲ್ಲ. 1975ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್‌ನಲ್ಲಿ ಚಿತ್ರಕಾರ ಡೇವಿಡ್ ಹಾಕ್ನಿ, ಸಂಗೀತಗಾರ ಸ್ಟ್ರಾವಿನ್‌ಸ್ಕಿಯ ಒಂದು ಒಪೆರಾಕ್ಕೆ ರಂಗಸಜ್ಜಿಕೆ ಮಾಡಿದರು. ಕತೆ ಹುಟ್ಟಿದ್ದು ಹೋಗಾರ್ತ್ ಎಂಬ ಹಳೆಯ ಕಲಾವಿದನ ಚಿತ್ರಗಳಿಂದ. ಅಚ್ಚಿನ ಚಿತ್ರದಲ್ಲಿ ನೆರಳು ತೋರಿಸಲು ಅಡ್ಡ ಉದ್ದ ಗೆರೆ ಹಾಕುತ್ತಾರಲ್ವಾ, ಹಾಕ್ನಿ ಅದನ್ನೇ ದೊಡ್ಡದು ಮಾಡಿ ಗೋಡೆ, ಕುರ್ಚಿ, ಉಡುಪಿನ ಮೇಲೆಲ್ಲ ಎಳೆದರು. ನಿಜದ ಮನೆ ಅನ್ನಿಸಬೇಕು ಅಂತ ಅವರು ಹೊರಡಲೇ ಇಲ್ಲ. ಹಾಡುವವರು ಒಂದು ಚಿತ್ರದೊಳಗೆ ಓಡಾಡಿದ ಹಾಗೆ ಇತ್ತು.

ಹಾಗಾಗಿ ಟೀಚರ್, ಬರೆಯುವುದಾದರೆ ಮಕ್ಕಳೇ ಬರೆಯಲಿ. ಗೋಣಿಯ ಮೇಲೆ ಸುಣ್ಣದಲ್ಲಿ ದಪ್ಪ ಗೆರೆಯ ನಾಲ್ಕು ಮರ. ಅದೇ ಗೆರೆ ಅವರ ಬಟ್ಟೆಯ ಅಂಚಿಗೂ ಬರಲಿ. ರಂಗವೂ ವೇಷವೂ ಒಂದೇ ಕೈಯಿಂದ ಬಂದ ಹಾಗೆ ಕಾಣಬೇಕು. ಬೇರೆ ಬೇರೆ ಅಂಗಡಿಯಿಂದ ತಂದ ಹಾಗೆ ಕಾಣಬಾರದು.

ಹೊಳೆಬದಿ ಟೀಚರ್

ಎಷ್ಟು ಉಪಕಾರ ಮಾಡಿದಿರಿ ನೀವೆಲ್ಲ! ಚೌಕಿಮನೆ ಅಣ್ಣ, ನಿಮ್ಮ ಮಾತನ್ನು ಅವಳಿಗೆ ಓದಿ ಹೇಳಿದೆ. ಈ ಸಲ ಅವಳೇ ಏಕಲವ್ಯ.

ಗೋಣಿ ಮತ್ತು ಸುಣ್ಣದ ಗೆರೆ ಗಟ್ಟಿ ಆಯಿತು. ಪಿಟಿಎಯವರೂ ಒಪ್ಪಿದರು, ಖರ್ಚು ಕಡಿಮೆ ಅಂತ. ಇನ್ನು ಎರಡು ಪ್ರಶ್ನೆ ಉಳಿದಿವೆ. ಬೇಡರ ಮಕ್ಕಳಿಗೆ ಮತ್ತು ರಾಜಕುಮಾರರಿಗೆ ವ್ಯತ್ಯಾಸ ಕಾಣಬೇಕು, ಕಿರೀಟ ಬಾಡಿಗೆಗೆ ತಾರದೆ ಹೇಗೆ? ಮತ್ತೆ ದ್ರೋಣರ ಮಣ್ಣಿನ ಮೂರ್ತಿ. ಥರ್ಮಕೋಲಿನಲ್ಲಿ ಮಾಡಿಸಲು ಕೇಳಿದರೆ 7,000 ಅಂದರು. ಮಾಡಿದರೂ ಅದು ಗಣೇಶ ಚೌತಿಯ ಪೆಂಡಾಲಿನ ಹಾಗೆ ಕಾಣಬಹುದು ಅಂತ ಅನುಮಾನ.

ಹಾಳೆಮನೆ ಅಕ್ಕ

ಕಾಸರಗೋಡಿನಲ್ಲಿ ಕೂತುಕೊಂಡು ಕಿರೀಟಕ್ಕೆ ಏನು ಅಂತ ಕೇಳುತ್ತೀರಲ್ಲ ಟೀಚರ್! ತೋಟದಲ್ಲಿ ಅಡಿಕೆ ಮರದ ಹಾಳೆ ಬಿದ್ದಿದೆ. ನಮ್ಮ ಅಜ್ಜನವರು ಅದರದ್ದೇ ಟೊಪ್ಪಿ, ಮುಟ್ಟಾಳೆ, ಇಟ್ಟುಕೊಂಡೇ ಗದ್ದೆಗೆ ಇಳಿಯುತ್ತಿದ್ದದ್ದು.

ಹಳೆ ಹಾಳೆ ಬೇಡ, ಒಡೆಯುತ್ತದೆ. ಹೊಸದಾಗಿ ಬಿದ್ದದ್ದನ್ನು ತಂದು ನೀರಿನಲ್ಲಿ ನೆನೆಹಾಕಿ. ಬೆರಳಿನಲ್ಲಿ ಮಡಚಿದರೆ ಬಾಗಬೇಕು, ಅಷ್ಟು ಮೆತ್ತಗಾಗಲಿ. ಮಗುವಿನ ತಲೆಯ ಅಳತೆಯ ಮಡಕೆ ಕವುಚಿ ಹಾಕಿ ಅದಕ್ಕೆ ಸುತ್ತಿ ಹಗ್ಗ ಕಟ್ಟಿ ಬಿಸಿಲಿಗೆ ಇಡಿ. ಪೂರ್ತಿ ಒಣಗಿದ ಮೇಲೆ ಬಿಚ್ಚಿದರೆ ಆಕಾರ ಹಾಗೇ ನಿಲ್ಲುತ್ತದೆ. ಪಟ್ಟಿ, ತೋಳಬಂದಿ, ಬತ್ತಳಿಕೆ ಎಲ್ಲ ಇದರಲ್ಲೇ ಆಗುತ್ತದೆ. ತೂಕವೇ ಇಲ್ಲ, ಕಿವಿಯೂ ಮುಚ್ಚುವುದಿಲ್ಲ. ಬಣ್ಣ ನೇರ ಹಾಕಬೇಡಿ, ನುಣುಪು ಮೈಗೆ ಹಿಡಿಯದೆ ಸಿಪ್ಪೆ ಏಳುತ್ತದೆ. ಮೊದಲು ಫೆವಿಕಾಲ್ ನೀರು ಕಲಸಿ ಒಂದು ಕೈ ಬಳಿಯಿರಿ. ಚೆನ್ನಾಗಿ ಒಣಗದಿದ್ದರೆ ಬೂಸು ಬರುತ್ತದೆ, ಅದನ್ನು ಮರೆಯಬೇಡಿ.

ವ್ಯತ್ಯಾಸ ಬಣ್ಣದಲ್ಲೇ ಮಾಡಬಹುದು. ರಾಜಕುಮಾರರ ಹಾಳೆಗೆ ಚಿನ್ನದ ಬಣ್ಣ, ಬೇಡರ ಮಕ್ಕಳದ್ದು ಹಾಳೆಯ ಬಣ್ಣದಲ್ಲೇ ಇರಲಿ. ಬಟ್ಟೆಗೆ ಉಪ್ಪಳದ ತಮ್ಮ ಹೇಳಿದ ಚಾಹುಡಿ ನೀರೇ ಸಾಕು. ಅದೇ ನೀರಿಗೆ ತುಕ್ಕು ಹಿಡಿದ ಮೊಳೆ ಹಾಕಿ ಒಂದೆರಡು ದಿನ ಬಿಟ್ಟರೆ ಕಂದು ಹೋಗಿ ಬೂದು, ಕಪ್ಪು ಬಣ್ಣ ಬರುತ್ತದೆ. ಬೇಡರಿಗೆ ಅದು. ಬಟ್ಟೆ ಮಾತ್ರ ಹತ್ತಿಯದ್ದೇ ಆಗಬೇಕು, ಪಾಲಿಯೆಸ್ಟರಿಗೆ ಹಿಡಿಯುವುದಿಲ್ಲ. ಕಾಸರಗೋಡು ಸೀರೆ ನೇಯುವವರು ನಮ್ಮ ಊರಲ್ಲೇ ಇದ್ದಾರೆ. ರಾಜಕುಮಾರರ ಶಾಲಿಗೆ ತಾಯಂದಿರ ಹಳೆಯ ಕೈಮಗ್ಗದ ಸೀರೆ ಕೇಳಿ ನೋಡಿ.

ಚೌಕಿಮನೆ

ಮೂರ್ತಿಯ ವಿಷಯ ಎರಡು ದಿನದಿಂದ ಯೋಚಿಸಿದೆ. ಮೂರ್ತಿ ಮಾಡಲೇಬೇಡಿ.

ಮೊದಲ ದೃಶ್ಯದಲ್ಲಿ ದ್ರೋಣ ಏಕಲವ್ಯನನ್ನು ಒಲ್ಲೆ ಅನ್ನುತ್ತಾನಲ್ವಾ? ಆಗ ಅವನ ಹೆಗಲ ಮೇಲೆ ಕೆಮ್ಮಣ್ಣಿನ ಬಣ್ಣದ ಉತ್ತರೀಯ ಇರಲಿ. ತಿರುಗಿ ಹೋಗುವಾಗ ಅದು ಜಾರಿ ಬೀಳಲಿ, ಅವನಿಗೆ ಗೊತ್ತಾಗುವುದಿಲ್ಲ. ಹುಡುಗ ಎತ್ತಿಕೊಳ್ಳುತ್ತಾನೆ. ಕಾಡಿನ ದೃಶ್ಯದಲ್ಲಿ ಒಂದು ಕಲ್ಲು, ಇಲ್ಲವೇ ಒಂದು ಸ್ಟೂಲು. ಹಾಡು ಹೇಳುತ್ತಾ ಆ ಬಟ್ಟೆಯನ್ನು ಅದರ ಮೇಲೆ ನಿಧಾನಕ್ಕೆ ಹೊದೆಸುತ್ತಾನೆ, ಮಡಿಕೆ ಸರಿಮಾಡುತ್ತಾನೆ, ಮಣ್ಣು ಮೆತ್ತಿದ ಹಾಗೆ ಅಂಗೈಯಲ್ಲಿ ಸವರುತ್ತಾನೆ. ಅದೇ ಮೂರ್ತಿ. ಕೊನೆಗೆ ನಿಜದ ದ್ರೋಣ ಬಂದು ಮೊದಲು ತನ್ನ ಬಟ್ಟೆಯನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಹೆಬ್ಬೆರಳು ಕೇಳುತ್ತಾನೆ.

ನಮ್ಮ ಬಯಲಾಟದಲ್ಲಿಯೂ ಹಾಗೆಯೇ ಅಲ್ವಾ, ರಥ ಅಂತ ಕರೆಯುವ ಒಂದೇ ಪೀಠ ಸಿಂಹಾಸನವೂ ಆಗುತ್ತದೆ, ಬೆಟ್ಟವೂ ಆಗುತ್ತದೆ.

ಹೊಳೆಬದಿ ಟೀಚರ್

ಅಣ್ಣ, ಇವತ್ತು ಅಭ್ಯಾಸದಲ್ಲಿ ಮಾಡಿ ನೋಡಿದೆವು. ಸದ್ಯಕ್ಕೆ ಆಫೀಸಿನ ಮೇಜಿನ ಹೊದಿಕೆ, ಬೆಂಚಿನ ತುಂಡು. ದ್ರೋಣನ ಪಾತ್ರದ ಹುಡುಗ ಬಟ್ಟೆ ಎತ್ತಿದ ಕೂಡಲೇ ಬರೀ ಬೆಂಚು ಕಂಡಿತು. ನಮ್ಮ ಏಕಲವ್ಯ ಅದನ್ನು ನೋಡುತ್ತಾ ನಿಂತಳು, ಹಾಡು ಎತ್ತಲೇ ಇಲ್ಲ. ಮರೆತಳು ಅಂದುಕೊಂಡು ಹಾರ್ಮೋನಿಯಂ ಮಾಷ್ಟ್ರು ಸಾಲು ಮತ್ತೆ ನುಡಿಸಿದರು. ಮರೆತದ್ದಲ್ಲ. ಕಿಟಕಿಯಲ್ಲಿ ಇಣುಕುತ್ತಿದ್ದ ಮೂರನೇ ಕ್ಲಾಸಿನ ಮಕ್ಕಳೂ ಸದ್ದಿಲ್ಲದೆ ನಿಂತಿದ್ದರು. ಆ ಮೌನವನ್ನು ಹಾಗೇ ಇಟ್ಟುಕೊಂಡಿದ್ದೇವೆ, ನಾಲ್ಕು ಆವರ್ತ ತಬಲ ಕೂಡ ಇಲ್ಲ.

ಬಟ್ಟೆಗೆ ನಾಳೆಯೇ ಹೋಗುತ್ತೇನೆ. ಉತ್ತರೀಯಕ್ಕೆ ಎರಡೂವರೆ ಮೀಟರ್ ಸಾಕಾ? ಬಣ್ಣ ಹಾಕುವುದು ಹೇಗೆ, ಕೆಮ್ಮಣ್ಣಿನಲ್ಲೇ ಅದ್ದಿದರೆ ಆಗದಾ?

ಉಪ್ಪಳದ ಬೆಳಕು

ಟೀಚರ್, ಆ ಬೆಂಚಿನ ಮೇಲೆ ಒಂದು ಲೈಟ್ ಬೇರೆಯೇ ಇಡುತ್ತೇನೆ. ಬಟ್ಟೆ ಎತ್ತಿದ ಮೇಲೂ ಅದು ಆರುವುದಿಲ್ಲ. ನನ್ನ ಲೈಟಿಗೆ ಬಾಡಿಗೆ ಬೇಡ, ಗಾಡಿಗೆ ಪೆಟ್ರೋಲ್ ಹಾಕಿಸಿಕೊಟ್ಟರೆ ಸಾಕು.

ಹಾಳೆಮನೆ ಅಕ್ಕ

ಬರೀ ಮಣ್ಣಿನಲ್ಲಿ ಅದ್ದಿದರೆ ಒಣಗಿದ ಮೇಲೆ ಹುಡಿ ಉದುರುತ್ತದೆ. ಹಾಡುವ ಮಕ್ಕಳ ಗಂಟಲಿಗೆ ಹೋದರೆ ಕಷ್ಟ. ಅಂಗಡಿಯ ಕಾವಿ ಬಣ್ಣಕ್ಕೆ ಸ್ವಲ್ಪ ಚಾಹುಡಿ ನೀರು ಸೇರಿಸಿ, ಮೊದಲು ಒಂದು ಚಿಂದಿ ಅದ್ದಿ ಒಣಗಿಸಿ ನೋಡಿ, ಒಣಗಿದ ಮೇಲೆ ಬಣ್ಣ ತೆಳುವಾಗುತ್ತದೆ. ಮೂರು ಮೀಟರ್ ತೆಗೆದುಕೊಳ್ಳಿ. ಹತ್ತಿ ಬಟ್ಟೆ ಒಗೆದರೆ ಕುಗ್ಗುತ್ತದೆ, ಬಣ್ಣಕ್ಕೆ ಹಾಕುವ ಮೊದಲೇ ಒಗೆದು ಗಂಜಿ ತೆಗೆಯಿರಿ.