ಅಪ್‌ಡೇಟ್: ಟ್ರೌಟ್ ಮೀನಿನ ಮೈಮೇಲೆ ಹತ್ತಿಯಂಥ ಬಿಳಿ ಬೂಷ್ಟು

ಹಿಮಾಚಲದ ಕುಲ್ಲು ಕಣಿವೆಯಲ್ಲಿ ನಾವು ಸಾಕುವ ರೇನ್‌ಬೋ ಟ್ರೌಟ್ ಮೀನುಗಳಿಗೆ ಗಾತ್ರ ವಿಂಗಡಿಸಿದ ಮೇಲೆ ಬಿಳಿ ಬೂಷ್ಟು ಹಿಡಿದಿದೆ ಅಂತ ಕೇಳಿದ್ದೆನಲ್ಲ, ಈಗ ನಿಂತಿದೆ. ಕೈಹಿಡಿದದ್ದು ಉಪ್ಪುನೀರಿನ ಸ್ನಾನ, ಜೊತೆಗೆ ತೊಟ್ಟಿಯಲ್ಲಿ ಮೀನು ಕಡಿಮೆ ಮಾಡಿದ್ದು. ಹೇಳಿದವರಿಗೆ ಥ್ಯಾಂಕ್ಸ್. ವಿಟಮಿನ್ ಸಿ ಬೆರೆಸಿದ ಮೇವಿನಿಂದ ಏನೂ ಆಗಲಿಲ್ಲ. ಆಗಲೇ ಬೂಷ್ಟು ಹಿಡಿದ ಮೀನು ಮೇವನ್ನೇ ಮುಟ್ಟುತ್ತಿರಲಿಲ್ಲ. ಬೂಷ್ಟು ಕೊಲ್ಲುವ ಮಲಾಕೈಟ್ ಗ್ರೀನ್ ಎಂಬ ಬಣ್ಣದ ರಾಸಾಯನಿಕವನ್ನು ನಾನು ತರಲೇ ಇಲ್ಲ, ನಾವು ತಿನ್ನುವ ಮೀನಿಗೆ ಅದು ನಿಷಿದ್ಧ.

ಹೊಸದಾಗಿ ತಿಳಿದದ್ದು ಮೀನಿನ ಮೈಮೇಲಿನ ಲೋಳೆಯ ವಿಷಯ. ಅದರಲ್ಲಿ ರೋಗಾಣು ಕೊಲ್ಲುವ ಲೈಸೋಜೈಮ್ ಎಂಬ ಕಿಣ್ವ, ಐಜಿಟಿ ಎಂಬ ಪ್ರತಿಕಾಯ ಎಲ್ಲ ಇರುತ್ತವೆ. ವಿಂಗಡಿಸುವಾಗ ಬಲೆ ಉಜ್ಜಿ ಲೋಳೆ ಹೋದರೆ ಈ ಬಿಳಿ ಬೂಷ್ಟು, ಅಂದರೆ ಸಾಪ್ರೊಲೆಗ್ನಿಯಾ, ಸಲೀಸಾಗಿ ಒಳನುಗ್ಗುತ್ತದೆ. ಗಾಬರಿಯಿಂದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಏರಿದರೆ ಮೀನಿನ ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ. ಅಂದಹಾಗೆ, ಈ ಬೂಷ್ಟು ಶಿಲೀಂಧ್ರವೇ ಅಲ್ಲ, ಕಂದು ಪಾಚಿಗಳ ದೂರದ ನೆಂಟ! ಈಗ ಗಂಟಿಲ್ಲದ ನುಣುಪು ಬಲೆಯನ್ನಷ್ಟೇ ಬಳಸುತ್ತಿದ್ದೇವೆ, ವಿಂಗಡಿಸುವ ಹಿಂದಿನ ದಿನ ಮೇವಿಲ್ಲ.