ಹಳೇ ಸ್ಯಾನ್ ಸ್ಟಾರ್ಮ್ ಗಾಡಿಗೆ ಹೊಸ ಒಳಾಂಗಣ: ರೆಗ್ಜಿನ್ ತರೂದಕ್ಕಿಂತ ಮೊದಲ ಏನೇನು ನೋಡಬೇಕು?

ಪ್ರಶ್ನೆ (ಕೇಶ್ವಾಪುರ, ಹುಬ್ಬಳ್ಳಿ)

ನಮಸ್ಕಾರ ರೀ ಎಲ್ಲಾರಿಗೂ. ಗೋವಾದಾಗ ತಯಾರಾದ ಸ್ಯಾನ್ ಸ್ಟಾರ್ಮ್ ಗಾಡಿ ಐತಿ. ಎರಡು ಸೀಟು, ಫೈಬರ್ ಬಾಡಿ, ಬಟ್ಟಿ ಟಾಪ್, ರೆನೊ 1149 ಸಿಸಿ ಎಂಜಿನ್. ಎಂಜಿನ್ ಕೆಲಸ ಮುಗದೈತಿ. ಒಳಗ ಸೀಟಿನ ಹೊಲಿಗಿ ಬಿಚ್ಚೈತಿ, ಡ್ಯಾಶ್‌ಬೋರ್ಡ್ ಮ್ಯಾಲೆ ಎರಡು ಉದ್ದನ ಬಿರುಕು ಅದಾವ, ಮ್ಯಾಟ್ ವಾಸನಿ ಹೊಡಿತೈತಿ. ಸೀಟು, ಡೋರ್ ಪ್ಯಾಡ್, ಡ್ಯಾಶ್ ಎಲ್ಲಾ ಕರೀ ಮತ್ತ ಕಂದು ಬಣ್ಣದಾಗ ಮಾಡಿಸಬೇಕು. ಎಷ್ಟು ಮೀಟರ್ ರೆಗ್ಜಿನ್ ಬೇಕು, ಯಾವ ಕೆಲಸ ಮೊದಲ ಹಿಡೀಬೇಕು? ಬಲ್ಲವರು ತಿಳಿಸ್ರಿ.

ಉತ್ತರ (ಕುಶನ್ ವರ್ಕ್ಸ್, ಗೋಕುಲ ರೋಡ್)

ಸರ್, ಮೀಟರ್ ಲೆಕ್ಕ ಆಮ್ಯಾಲೆ ಹೇಳ್ತೀನಿ. ಮ್ಯಾಟ್ ವಾಸನಿ ಹೊಡಿತೈತಿ ಅಂದ್ರ ನೀರು ಒಳಗ ಬರಾಕತ್ತೈತಿ. ಅದು ನಿಲ್ಲೂತನಕ ಒಂದು ಮೀಟರ್ ರೆಗ್ಜಿನ್ ಸೈತ ಖರೀದಿ ಮಾಡಬ್ಯಾಡ್ರಿ. ಧಾರವಾಡ ಕಡೆ ಜಿಟಿಜಿಟಿ ಮಳಿ ಹಿಡಿದು ಗಾಡಿ ವಾರಗಟ್ಟಲೆ ಮುಚ್ಚಿ ನಿಂತ್ರ, ಹೊಸಾ ಫೋಮ್ ಒಂದ ಮಳಿಗಾಲದಾಗ ಬೂಸ್ಟು ಹಿಡಿತೈತಿ.

ಸೀಟು, ಮ್ಯಾಟು, ಕೆಳಗಿನ ಫೆಲ್ಟು ಎಲ್ಲಾ ತಗದು ಹೊರಗ ಇಡ್ರಿ. ಫೈಬರ್ ನೆಲ ಒಣಗಿಸಿ, ಅಂಚಿನ ಉದ್ದಕ್ಕೂ ಪೌಡರ್ ಉದುರಸ್ರಿ, ಮುಖಕ್ಕ ಹಚ್ಚೂ ಟಾಲ್ಕಂ ಪೌಡರ್ ಆದ್ರೂ ನಡೀತೈತಿ. ಒಬ್ಬರು ಒಳಗ ಟಾರ್ಚ್ ಹಿಡಕೊಂಡು ಕೂಡಬೇಕು, ಇನ್ನೊಬ್ಬರು ಪೈಪಿನಿಂದ ಸಣ್ಣಗ ನೀರು ಬಿಡಬೇಕು. ಬಾಗಿಲದ ಕೆಳಗಿಂದ ಸುರು ಮಾಡಿ, ಒಂದೊಂದು ಜಾಗದಾಗ ಐದು ನಿಮಿಷ ನಿಲ್ಲಿಸಿ, ಹಂಗ ಮ್ಯಾಲೆ ಏರ್ಕೋತ ಹೋಗ್ರಿ: ಬಾಗಿಲದ ಬೀಡಿಂಗು (ಅಂಚಿನ ರಬ್ಬರ್ ಪಟ್ಟಿ), ಗಾಜಿನ ಮೂಲಿ, ಮುಂದಿನ ಗಾಜಿನ ಚೌಕಟ್ಟು, ಕಡೀಗೆ ಟಾಪಿನ ಹೊಲಿಗಿ. ಮೊದಲ ಮ್ಯಾಲಿಂದ ನೀರು ಬಿಟ್ರ ಎಲ್ಲಾ ಕಡೆ ಇಳಿತೈತಿ, ಎಲ್ಲಿಂದ ಬಂತು ಅಂತ ಗೊತ್ತಾಗೂದಿಲ್ಲ. ನೀರು ಬಂದಲ್ಲಿ ಪೌಡರ್ ಮ್ಯಾಲೆ ಹುಳ ಹರದಂಗ ಒಂದು ಗೆರಿ ಬೀಳತೈತಿ. ಆ ಗೆರಿ ಹಿಡಕೊಂಡು ಮ್ಯಾಲೆ ಹೋದ್ರ ತೂತು ಸಿಗತೈತಿ. ಬಾಗಿಲದ ಒಳಗಿನ ಪ್ಲಾಸ್ಟಿಕ್ ಹಾಳಿ ಹರದಿದ್ರ ಮೊದಲ ಅದನ್ನ ಬದಲಸ್ರಿ. ಗಾಜಿನ ಗುಂಟ ಇಳಿದ ನೀರು ಬಾಗಿಲದ ಕೆಳಗಿನ ತೂತಿನಿಂದ ಹೊರಗ ಹೋಗಬೇಕು. ಹಾಳಿ ಹರದಿದ್ರ ಅದು ಡೋರ್ ಪ್ಯಾಡಿಗೆ ಬಂದು ಹಲಗಿ ಉಬ್ಬಸತೈತಿ.

ಈಗ ಸೀಟು. ಸ್ಟಾರ್ಮ್ ಭಾಳ ತಗ್ಗಿನ ಗಾಡಿ, ಹಳೇ ಫೋಮ್ ಮ್ಯಾಲೆ ಇನ್ನೊಂದು ಇಂಚು ಫೋಮ್ ಏರಸಿದ್ರ ತಲಿ ಟಾಪಿನ ಕಂಬಿಗೆ ಬಡೀತೈತಿ. ಅದಕ್ಕ ಕುಸಿದ ಫೋಮ್ ತಗದು, ಅಷ್ಟ ದಪ್ಪದ 40 ಸಾಂದ್ರತೆಯ ಪಿಯು ಫೋಮ್ ಕೂಡ್ರಸ್ರಿ. ಪಕ್ಕದ ದಿಂಬಿಗೆ ರೀಬಾಂಡ್ ಫೋಮ್ (ಫೋಮಿನ ಚೂರು ಒತ್ತಿ ಮಾಡಿದ ಗಟ್ಟಿ ಫೋಮ್) ಹಾಕ್ರಿ. ಹತ್ತೂಮುಂದ ಇಳಿಯೂಮುಂದ ತೊಡಿ ಉಜ್ಜೂದು ಅಲ್ಲೇ, ಮೆತ್ತಗಿನ ಫೋಮ್ ಅಲ್ಲಿ ಒಂದು ವರ್ಷ ಸೈತ ಬಾಳಿಕಿ ಬರೂದಿಲ್ಲ. ಮುಷ್ಟಿ ಬಲವಾಗಿ ಒತ್ತಿದ್ರ ಕೆಳಗಿನ ಸ್ಪ್ರಿಂಗು ಕೈಗೆ ತಾಗಬಾರದು.

ಹಳೇ ಕವರ್ ಹರೀಬ್ಯಾಡ್ರಿ, ಹೊಲಿಗಿ ಬಿಚ್ಚಿ ತುಂಡು ತುಂಡು ಬ್ಯಾರೆ ಮಾಡ್ರಿ. ಅದ ನಿಮ್ಮ ಪ್ಯಾಟರ್ನ್. ಪ್ರತಿ ತುಂಡಿನ ಹಿಂದ ಎಡ, ಬಲ, ಮುಂದಿನ ದಿಕ್ಕಿನ ಬಾಣ ಬರೀರಿ. ಹೊಸಾ ರೆಗ್ಜಿನ್ ಕತ್ತರಸೂಮುಂದ ಹೊಲಿಗಿಗೆ 12 ಮಿಲಿಮೀಟರ್ ಅಂಚು ಬಿಡ್ರಿ. ರೆಗ್ಜಿನ್ ಅಡ್ಡಕ್ಕ ಹೆಚ್ಚು ಹಿಗ್ಗತೈತಿ, ಉದ್ದಕ್ಕ ಕಡಿಮಿ. ಎಡ ಸೀಟಿಂದು ಒಂದು ದಿಕ್ಕಿನ್ಯಾಗ, ಬಲ ಸೀಟಿಂದು ಇನ್ನೊಂದು ದಿಕ್ಕಿನ್ಯಾಗ ಕತ್ತರಿಸಿದ್ರ ಆರು ತಿಂಗಳಿಗೆ ಒಂದು ಸೀಟು ಸುಕ್ಕು ಬೀಳತೈತಿ. ದಪ್ಪ 1 ರಿಂದ 1.2 ಮಿಲಿಮೀಟರ್ ಇರಲಿ, ಒಳಗ 5 ಮಿಲಿಮೀಟರ್ ಫೋಮ್ ಹಾಳಿ.

ಹೊಲಿಗಿ ದಾರ ಪಾಲಿಯೆಸ್ಟರ್ ಕೇಳಿ ತಗೋರಿ. ಟಾಪ್ ತಗದು ಓಡಸೂ ಗಾಡಿಗೆ ಬಿಸಲು ನೇರ ಬೀಳತೈತಿ, ನೈಲಾನ್ ದಾರ ಲಗೂ ಕೊಳೀತೈತಿ. ಸೂಜಿ 18 ನಂಬರ್, ಟಾಕಿ ಉದ್ದ 4 ಮಿಲಿಮೀಟರ್. ನೋಡಾಕ ನಾಜೂಕು ಕಾಣತೈತಿ ಅಂತ 2 ಮಿಲಿಮೀಟರ್ ಟಾಕಿ ಹಾಕಿದ್ರ ರೆಗ್ಜಿನ್ ತುಂಬ ತೂತ ಆಗಿ, ಅಂಚೆಚೀಟಿ ಹರದಂಗ ಆ ಗೆರಿಗುಂಟ ಹರೀತೈತಿ. ಮನಿ ಮಷೀನ್ ಮ್ಯಾಲೆ ಇದು ಆಗೂದಿಲ್ಲ. ಮ್ಯಾಲಿನ ಪಾದಾನೂ ಬಟ್ಟಿ ಎಳಕೊಳ್ಳೂ ಮಷೀನ್ ಬೇಕು, ಇಲ್ಲಾಂದ್ರ ಕೆಳಗಿನ ಪದರು ಮುಂದ ಹೋಗಿ ಮ್ಯಾಲಿನದು ಹಿಂದ ಉಳಿತೈತಿ.

ಈಗ ಮೀಟರ್. 54 ಇಂಚು ಅಗಲದ ರೋಲ್ ಆದ್ರ ಎರಡು ಸೀಟಿಗೆ 5 ಮೀಟರ್, ಡೋರ್ ಪ್ಯಾಡಿಗೆ ಒಂದೂವರಿ, ಡ್ಯಾಶಿಗೆ 2, ಕನ್ಸೋಲು ಮತ್ತ ಚೂರುಪಾರಿಗೆ ಒಂದು. ಒಟ್ಟು ಒಂಬತ್ತೂವರಿ ಆತು. ಎರಡು ಬಣ್ಣ ಅಂತೀರಿ, ಅದಕ್ಕ ಇನ್ನೊಂದು ಮೀಟರ್ ಸೇರಿಸಿ ಹತ್ತೂವರಿ ಹಿಡೀರಿ. ಒಂದೊಂದು ಬಣ್ಣಕ್ಕ ಬೇಕಾದಷ್ಟೂ ಒಂದ ರೋಲಿನ್ಯಾಗಿಂದ ಒಂದ ಸಲ ಕತ್ತರಿಸಿ ತರ್ರಿ. ಕಂದು ಬಣ್ಣ ಲಾಟಿಂದ ಲಾಟಿಗೆ ಸಣ್ಣಗ ಬ್ಯಾರೆ ಬರತೈತಿ. ಅಂಗಡಿ ಟ್ಯೂಬ್‌ಲೈಟಿನ್ಯಾಗ ಕಾಣೂದಿಲ್ಲ, ಬಿಸಲಿಗೆ ಬಂದಮ್ಯಾಲೆ ಕಾಣತೈತಿ.

ಪ್ರಶ್ನೆ (ಅದೇ ಸದಸ್ಯರು)

ಭಾಳ ಉಪಕಾರ ರೀ. ಡ್ಯಾಶ್ ಬಿರುಕಿನ ಮ್ಯಾಲೆ ನೇರ ರೆಗ್ಜಿನ್ ಸುತ್ತಿದ್ರ ನಡೀತೈತೇನು? ಒಬ್ಬರು ಹಂಗ ಮಾಡ್ತೀವಿ ಅಂದಾರ.

ಉತ್ತರ (ಕುಶನ್ ವರ್ಕ್ಸ್, ಗೋಕುಲ ರೋಡ್)

ನಡೆಯೂದಿಲ್ಲ ರೀ. ಬಿಸಲಿಗೆ ಡ್ಯಾಶ್ ಹಿಗ್ಗಿದಾಗ ಬಿರುಕು ಬಾಯಿ ತಗೀತೈತಿ, ಸಂಜಿಗೆ ಮುಚ್ಚತೈತಿ. ಮ್ಯಾಲಿನ ರೆಗ್ಜಿನ್ ಅಲ್ಲಿ ಗೆರಿ ಬಿದ್ದು ಕಾಣತೈತಿ.

ಬಿರುಕಿನ ಎರಡೂ ತುದಿಗೆ 3 ಮಿಲಿಮೀಟರ್ ತೂತು ಹಾಕ್ರಿ, ಬಿರುಕು ಮುಂದ ಓಡೂದು ಅಲ್ಲಿಗೆ ನಿಲ್ಲತೈತಿ. ಬಿರುಕನ್ನ ಚಾಕುವಿನಿಂದ ವಿ ಆಕಾರಕ್ಕ ಬಿಡಸಿ, ಬಾಗೂ ಗುಣ ಇರೂ ಪ್ಲಾಸ್ಟಿಕ್ ರಿಪೇರಿ ಎಪಾಕ್ಸಿ ತುಂಬ್ರಿ. ಬಾಡಿ ಪುಟ್ಟಿ ಬ್ಯಾಡ, ಅದು ಗಡಸಾಗಿ ಉದುರತೈತಿ. ಒಣಗಿದ ಮ್ಯಾಲೆ 120, 240, 400 ನಂಬರ್ ಪಾಲಿಶ್ ಪೇಪರ್. ಕಣ್ಣು ಮುಚ್ಚಿ ಬೆರಳ ಆಡಸ್ರಿ, ಬೆರಳಿಗೆ ತಾಗೂದು ರೆಗ್ಜಿನ್ ಹಾಕಿದಮ್ಯಾಲೆ ಕಣ್ಣಿಗೆ ಕಾಣತೈತಿ.

ಇನ್ನೊಂದು ಮುಖ್ಯ ಮಾತು. ಹಳೇ ಗಾಡಿ ಡ್ಯಾಶಿಗೆ ವರ್ಷಗಟ್ಟಲೆ ಸಿಲಿಕಾನ್ ಪಾಲಿಶ್ ಹಚ್ಚಿರತಾರ. ಅದರ ಮ್ಯಾಲೆ ಯಾವ ಅಂಟೂ ಹಿಡಿಯೂದಿಲ್ಲ. ಉಜ್ಜೂದಕ್ಕಿಂತ ಮೊದಲ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಎರಡು ಸಲ ಒರಸ್ರಿ, ಪ್ರತಿ ಸಲ ಹೊಸಾ ಬಟ್ಟಿ. ಒರಸದ ಉಜ್ಜಿದ್ರ ಸಿಲಿಕಾನ್ ಒಳಗ ಇಳಿತೈತಿ.

ಅಂಟು ಹೆಚ್ಚು ಉಷ್ಣ ತಾಳೂದು ಬೇಕು, 80 ಡಿಗ್ರಿ ಅಂತ ಡಬ್ಬಿ ಮ್ಯಾಲೆ ಬರದಿರೂದು. ಎರಡೂ ಕಡೆ ಹಚ್ಚಿ, ಬೆರಳಿನ ಹಿಂಭಾಗ ಮುಟ್ಟಿದ್ರ ಅಂಟದಂಗ ಆಗೂತನಕ ಕಾಯ್ರಿ, ಸುಮಾರು 10-15 ನಿಮಿಷ. ಗಡಿಬಿಡಿ ಮಾಡಿ ಹಸೀದ ಇದ್ದಾಗ ಕೂಡ್ರಿಸಿದ್ರ ಒಳಗ ಉಳಿದ ಆವಿ ಬಿಸಲಿಗೆ ಗುಳ್ಳಿ ಎಬ್ಬಸತೈತಿ. ನಡುವಿಂದ ಅಂಚಿಗೆ ಒತ್ಕೋತ ಹೋಗ್ರಿ. ಸ್ಪೀಡೊಮೀಟರ್ ಮ್ಯಾಲಿನ ತಗ್ಗು ಜಾಗದಾಗ ಎಳದು ಕೂಡ್ರಸಬ್ಯಾಡ್ರಿ. ಎಳದ ರೆಗ್ಜಿನ್ ಹಗ್ಗ ಬಿಗದಂಗ ತಗ್ಗು ಬಿಟ್ಟು ಮ್ಯಾಲೆ ಏಳತೈತಿ. ಆ ತಗ್ಗಿನ ಗೆರಿಗೆ ಸರಿಯಾಗಿ ಒಂದು ಜೋಡಿ ಹೊಲಿಗಿ ತರ್ರಿ, ಆಗ ಎಳತಾನ ಇರೂದಿಲ್ಲ, ನೋಡಾಕೂ ಚಂದ. ಡ್ಯಾಶ್ ಮ್ಯಾಲ್ಭಾಗ ಕರೀ, ಹೊಳಪಿಲ್ಲದ್ದ ಇರಲಿ. ಕಂದು ಹಾಕಿದ್ರ ಮಧ್ಯಾಹ್ನ ಮುಂದಿನ ಗಾಜಿನ್ಯಾಗ ಅದರ ನೆರಳು ಮೂಡಿ ರಸ್ತೆ ಮಸುಕ ಕಾಣತೈತಿ.

ಪ್ರಶ್ನೆ (ಬೆಟಗೇರಿ, ಗದಗ)

ಮಧ್ಯೆ ಬಂದೆ, ಕ್ಷಮಿಸ್ರಿ. 1976ರ ಗಾಲ್ಫ್ ಜಿಟಿಐ ಸೀಟಿಗೆ ಚೌಕಳಿ ಬಟ್ಟಿ ಇತ್ತು. ಹಂಗ ನಮ್ಮ ಕಡೆ ಖಣದ ಬಟ್ಟಿ ಇಲ್ಲಾ ನವಲಗುಂದ ಜಮಖಾನಿ ಸೀಟಿನ ನಡುವ ಹಾಕಬಹುದೇನು?

ಉತ್ತರ (ಕುಶನ್ ವರ್ಕ್ಸ್, ಗೋಕುಲ ರೋಡ್)

ಹಾಕಬಹುದು ರೀ, ಆದ್ರ ಜಾಗ ನೋಡಿ. ಖಣ ಕುಪ್ಪಸದ ಬಟ್ಟಿ, ತೆಳು. ಕೂಡೂ ಜಾಗಕ್ಕ ಹಾಕಿದ್ರ ಎಳಿ ಸರದು ಜಾಳ ಜಾಳ ಆಗತೈತಿ. ಡೋರ್ ಪ್ಯಾಡಿನ ನಡುವಿನ ಪಟ್ಟಿಗೆ ಭಾಳ ಚಂದ ಒಪ್ಪತೈತಿ. ಹಿಂದ ಇಸ್ತ್ರಿ ಮಾಡಿ ಅಂಟಸೂ ಕ್ಯಾನ್ವಾಸ್ ಹಚ್ಚಿ, 3 ಮಿಲಿಮೀಟರ್ ಫೋಮ್ ಕೊಟ್ಟು, ಸುತ್ತ ಕರೀ ಪೈಪಿಂಗ್ ಹೊಡೀರಿ. ಮೊದಲ ಒಂದು ಮೂಲಿ ತೊಯ್ಸಿ ಬಿಳಿ ಬಟ್ಟಿಗೆ ಉಜ್ಜಿ ನೋಡ್ರಿ, ಬಣ್ಣ ಬಿಟ್ರ ಬ್ಯಾಡ. ಕಿಡಕಿ ತೆರೆದ ಬಾಗಿಲಕ್ಕ ಮಳಿ ಹನಿ ಬಿದ್ದೇ ಬೀಳತೈತಿ.

ಜಮಖಾನಿ ದಪ್ಪ ಹತ್ತಿ ನೇಯ್ಗಿ, ಹಿಗ್ಗೂದಿಲ್ಲ. ಸೀಟಿನ ಡೊಂಕಿಗೆ ಕೂಡೂದಿಲ್ಲ. ಸೀಟಿನ ಹಿಂದಿನ ಸಪಾಟ ಜಾಗಕ್ಕ ಹಾಸ್ರಿ, ಒಗಿಯಾಕ ತಗಿಯೂಹಂಗ ವೆಲ್ಕ್ರೊ ಹಚ್ಚಿ. ಪೆಡಲ್ ಹತ್ರ ಮಾತ್ರ ಬ್ಯಾಡ್ರಿ, ಜಾರಿ ಬ್ರೇಕಿನ ಕೆಳಗ ಸಿಕ್ರ ಕಷ್ಟ.

ಉತ್ತರ (ಆಟೊ ಎಲೆಕ್ಟ್ರಿಷಿಯನ್, ಧಾರವಾಡ)

ಕೇಶ್ವಾಪುರದ ಅಣ್ಣಾರಿಗೆ ಒಂದು ಮಾತು. ಮ್ಯಾಟ್ ಹಾಸೂದಕ್ಕಿಂತ ಮೊದಲ ವೈರಿಂಗ್ ಮುಗಿಸ್ರಿ. ಫೈಬರ್ ಬಾಡಿಯಾಗ ಕರೆಂಟ್ ಹರಿಯೂದಿಲ್ಲ, ಅದಕ್ಕ ಅರ್ಥ್ (ಕರೆಂಟ್ ಬ್ಯಾಟರಿಗೆ ಹೊಳ್ಳಿ ಹೋಗೂ ದಾರಿ) ಸಿಗೂದಿಲ್ಲ. ತಗಡಿನ ಗಾಡಿಯಾಗ ಕರೀ ವೈರನ್ನ ಹತ್ರದ ಸ್ಕ್ರೂಗೆ ಕಟ್ಟಿದ್ರ ನಡೀತೈತಿ, ಇಲ್ಲಿ ಅದು ಎಲ್ಲಿಗೂ ಹೋಗೂದಿಲ್ಲ. ಸ್ಟೀರಿಯೊ, ಒಳಗಿನ ಲೈಟು, ಚಾರ್ಜರ್ ಪ್ರತಿಯೊಂದಕ್ಕೂ ಅರ್ಥ್ ವೈರ್ ಬ್ಯಾರೆ ಎಳೀರಿ. ಡ್ಯಾಶ್ ಹಿಂದ ಒಂದು ಹಿತ್ತಾಳಿ ಪಟ್ಟಿ ಕೂಡ್ರಿಸಿ ಎಲ್ಲಾ ಅರ್ಥ್ ಅಲ್ಲಿ ಸೇರಿಸಿ, ಅಲ್ಲಿಂದ ದಪ್ಪ ವೈರ್ ಒಂದು ಬ್ಯಾಟರಿ ಮೈನಸ್‌ಗೆ ಒಯ್ರಿ. ಇಂಡಿಕೇಟರ್ ಹಾಕಿದ್ರ ಮೀಟರ್ ಲೈಟು ಮಿಣುಕತೈತಿ ಅಂದ್ರ ಅರ್ಥ್ ಸಡಲ ಐತಿ ಅಂತ ತಿಳೀರಿ.

ಸ್ಟೀರಿಯೊಕ್ಕ 2.5 ಚದರ ಮಿಲಿಮೀಟರ್ ವೈರ್, 15 ಆಂಪಿಯರ್ ಫ್ಯೂಸ್. ಫ್ಯೂಸ್ ಬ್ಯಾಟರಿಯಿಂದ ಒಂದೂವರಿ ಫೂಟಿನೊಳಗ ಇರಬೇಕು. ದೂರ ಇಟ್ರ ನಡುವಿನ ವೈರ್ ಉಜ್ಜಿ ಚಾಸಿಗೆ ತಾಗಿದಾಗ ಕಾಪಾಡೂದು ಏನೂ ಇರೂದಿಲ್ಲ, ಅದೂ ಫೈಬರ್ ಗಾಡಿ, ಬೆಂಕಿ ಹತ್ತಿದ್ರ ಆರಿಸೂದು ಕಷ್ಟ. ಎಲ್ಲಾ ಆದಮ್ಯಾಲೆ ಕೀ ತಗದು, ಬ್ಯಾಟರಿ ಮೈನಸ್ ಬಿಚ್ಚಿ ಮಲ್ಟಿಮೀಟರ್ ನಡುವ ಹಾಕ್ರಿ. 50 ಮಿಲಿ ಆಂಪಿಯರ್‌ಗಿಂತ ಹೆಚ್ಚು ತೋರಿಸಿದ್ರ ಏನೋ ಒಂದು ಚಾಲೂ ಉಳದೈತಿ.

ಫೈಬರಿಗೆ ತೂತು ಹಾಕೂಮುಂದ ಮಾಸ್ಕಿಂಗ್ ಟೇಪ್ ಹಚ್ಚಿ, ಡ್ರಿಲ್ ನಿಧಾನ ಓಡಸ್ರಿ, ಮೂಗಿಗೆ ಮಾಸ್ಕ್ ಬೇಕ ಬೇಕು. ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಬಿಗದ್ರ ಸುತ್ತ ಜೇಡರ ಬಲಿಹಂಗ ಬಿರುಕು ಬಿಡತೈತಿ. ಬೋಲ್ಟು, ಹಿಂದ ಅಗಲ ವಾಷರ್ ಹಾಕ್ರಿ.

ಪ್ರಶ್ನೆ (ಹಾವೇರಿ)

ರೇಸಿಂಗ್ ಬಕೆಟ್ ಸೀಟು, ನಾಕು ಪಾಯಿಂಟ್ ಬೆಲ್ಟು, ಸಣ್ಣ ಸ್ಟೀರಿಂಗ್ ಹಾಕಿಸಿದ್ರ ಹೆಂಗ?

ಉತ್ತರ (ಕುಶನ್ ವರ್ಕ್ಸ್, ಗೋಕುಲ ರೋಡ್)

ಸೀಟಿನ ಬೋಲ್ಟು ಕಂಪನಿ ಕೊಟ್ಟ ಉಕ್ಕಿನ ಜಾಗಕ್ಕ ಬಿಗೀಬೇಕು. ಬರೇ ಫೈಬರ್ ನೆಲಕ್ಕ ವಾಷರ್ ಕೊಟ್ಟು ಬಿಗದ ಸೀಟು ಅಪಘಾತದಾಗ ಬೋಲ್ಟ್ ಸಮೇತ ಕಿತ್ತು ಬರತೈತಿ. ರಸ್ತೆ ಮ್ಯಾಲೆ ಓಡಸೂ ಗಾಡಿಗೆ ಮೂರು ಪಾಯಿಂಟಿನ ಬೆಲ್ಟೇ ಇರಲಿ. ನಾಕು ಪಾಯಿಂಟಿನ ಭುಜದ ಪಟ್ಟಿ ಹೊಟ್ಟಿ ಪಟ್ಟಿಯನ್ನ ಮ್ಯಾಲಕ್ಕ ಎಳೀತೈತಿ, ತೊಡಿ ನಡುವಿನ ಪಟ್ಟಿ ಇಲ್ಲಾಂದ್ರ ಮೈ ಕೆಳಗ ಜಾರತೈತಿ. ಬಣ್ಣ ಹೊಂದಲಿ ಅಂತ ಹಳೇ ಬೆಲ್ಟಿಗೆ ಬಣ್ಣ ಅದ್ದಸೂದಂತೂ ಬ್ಯಾಡ, ಎಳಿ ಬಲ ಕಳಕೊಂತಾವ.

ಸ್ಟೀರಿಂಗ್ 350 ಮಿಲಿಮೀಟರ್‌ಗಿಂತ ಸಣ್ಣದು ಬ್ಯಾಡ. ಪವರ್ ಸ್ಟೀರಿಂಗ್ ಇಲ್ಲದ ಗಾಡಿ ದುರ್ಗದ ಬೈಲಿನ ಗದ್ದಲದಾಗ ಹೊಳ್ಳಸೂಮುಂದ ತೋಳು ನೋಯ್ತಾವ, ಮ್ಯಾಲೆ ಸ್ಪೀಡೊಮೀಟರ್ ಮುಚ್ಚತೈತಿ. ಆರು ತೂತಿನ ಸ್ಟೀರಿಂಗಿನ್ಯಾಗ ತೂತಿನ ವರ್ತುಲದ ಅಡ್ಡಳತಿ 70 ಮತ್ತ 74 ಮಿಲಿಮೀಟರ್ ಅಂತ ಎರಡು ಬರತಾವ, ಹಬ್ (ಸ್ಟೀರಿಂಗ್ ಬಿಗಿಯೂ ನಡುವಿನ ಬುಡ) ಗೆ ಹೊಂದೂದು ನೋಡಿ ತಗೋರಿ. ಹಳೇದು ಕಳಚೂಮುಂದ ನಡುವಿನ ನಟ್ ಪೂರಾ ತಗೀಬ್ಯಾಡ್ರಿ, ಎರಡು ಸುತ್ತು ಉಳಸಿ ಅಲ್ಲಾಡಸ್ರಿ. ಇಲ್ಲಾಂದ್ರ ಒಮ್ಮೆಲೇ ಬಿಟ್ಟು ಮುಖಕ್ಕ ಬಡೀತೈತಿ.

ಪ್ರಶ್ನೆ (ಕೇಶ್ವಾಪುರ, ಹುಬ್ಬಳ್ಳಿ)

ಕಡೀದು ರೀ. ಆರ್‌ಟಿಒದಾಗ ಏನರ ತೊಂದರಿ ಆಗತೈತೇನು? ಮ್ಯಾಟಿನ ಕೆಳಗ ಏನು ಹಾಸಲಿ?

ಉತ್ತರ (ಕುಶನ್ ವರ್ಕ್ಸ್, ಗೋಕುಲ ರೋಡ್)

ಸೀಟಿನ ಕವರ್, ಡ್ಯಾಶ್, ಮ್ಯಾಟ್ ಬದಲಿಸಿದ್ರ ಆರ್‌ಸಿ ವಿವರ ಬದಲಾಗೂದಿಲ್ಲ. ಆರ್‌ಸಿಯಾಗ ಇರೂ ವಿವರಕ್ಕ ಗಾಡಿ ತಾಳೆ ಆಗದಂಗ ಮಾರ್ಪಾಡು ಮಾಡೂದನ್ನ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೀತೈತಿ, ಅದಕ್ಕ ಎರಡು ಸೀಟು ಎರಡ ಇರಲಿ. ನಿಮ್ಮ ಗಾಡಿ 15 ವರ್ಷ ದಾಟೈತಿ, ಐದು ವರ್ಷಕ್ಕೊಮ್ಮೆ ರಿನೀವಲ್‌ಗೆ ಗಾಡಿ ತೋರಸಬೇಕು. ಬೆಲ್ಟು, ಹಾರ್ನು, ಮೀಟರ್ ಲೈಟು ಕೆಲಸ ಮಾಡೂಹಂಗ ಇಟ್ಕೋರಿ.

ಮ್ಯಾಟಿನ ಕೆಳಗ ಸೆಣಬಿನ ಫೆಲ್ಟ್ ಮತ್ತ ಹಾಕಬ್ಯಾಡ್ರಿ, ಅದು ನೀರು ಹೀರಿ ಇಟ್ಕೊಂತೈತಿ. ನೆಲ ಒರೆಸಿ 2 ಮಿಲಿಮೀಟರ್ ಬ್ಯುಟೈಲ್ ಹಾಳಿ (ಸದ್ದು, ನಡುಗು ತಡಿಯೂ ರಬ್ಬರಿನಂಥ ಹಾಳಿ) ಅಂಟಿಸಿ ರೋಲರ್ ಓಡಸ್ರಿ. ಎಲ್ಲಾ ಕಡೆ ಮುಚ್ಚಬೇಕಂತಿಲ್ಲ, ಬೆರಳಿಂದ ತಟ್ಟಿದಾಗ ಡಬ್ ಡಬ್ ಅನ್ನೂ ಜಾಗಕ್ಕ ನಡುವ ಒಂದು ತುಂಡು ಸಾಕು. ಅದರ ಮ್ಯಾಲೆ ನೀರು ಹೀರದ 6 ಮಿಲಿಮೀಟರ್ ಫೋಮ್ ಹಾಳಿ, ಆಮ್ಯಾಲೆ ಕಾರ್ಪೆಟ್. ನೆಲದ ನೀರು ಹೋಗೂ ತೂತಿನ ಬೂಚು ಎಲ್ಲೆಲ್ಲಿ ಅದಾವ ಅಂತ ಮೊದಲ ಫೋಟೋ ತಗದು ಇಟ್ಕೋರಿ, ಬ್ಯುಟೈಲ್ ಹಾಳಿ ಅವನ್ನ ಮುಚ್ಚಬಾರದು. ಕಾರ್ಪೆಟ್ ಅಂಟಸಬ್ಯಾಡ್ರಿ, ಗುಂಡಿ ಹಾಕಿ ಕೂಡ್ರಸ್ರಿ. ಮಳಿ ಒಳಗ ಬಂದ ದಿನ ಎತ್ತಿ ಒಣಗಿಸಾಕ ಬರತೈತಿ.