ಮುಳ್ಳು ನಡುವೆಯೇ ಇದೆ ಅಂತ ಸುಮ್ನೆ ಕೂರಬೇಡ

ಅಳಿಯಾ, ನಿನ್ನ ಮೆಸೇಜ್ ಈಗಷ್ಟೇ ಕೇಳಿದೆ. ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೆ ಬಾಯಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಗಾಡಿ ನಿಲ್ಲಿಸಿದಾಗ ಕೇಳು, ಓಡಿಸುತ್ತಾ ಬೇಡ.

ನೀನು ಹೇಳಿದ್ದು ಇಷ್ಟು ತಾನೇ? ಲೋಡ್ ಹಾಕಿಕೊಂಡು ಎಂಥ ಏರು ಹತ್ತಿದರೂ ಟೆಂಪರೇಚರ್ ಮುಳ್ಳು ನಡುಮಧ್ಯ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಮೊನ್ನೆ ಮಾತ್ರ ಮುಕ್ಕಾಲಿನವರೆಗೆ ಹೋಗಿ, ಇಳಿಜಾರು ಬಂದ ಮೇಲೆ ವಾಪಸ್ ಬಂತು. ಮೆಕ್ಯಾನಿಕ್ "ಮೀಟರ್ ಎಲ್ಲ ಶೋಗೆ, ನಂಬಬೇಡಿ" ಅಂದನಂತೆ. ನಿಮ್ಮ ದೊಡ್ಡಪ್ಪ ಇಲ್ಲಿ ಮನೆಯವರ ಗ್ರೂಪಿನಲ್ಲಿ "ಕೆಂಪು ಗೆರೆ ಮುಟ್ಟೋವರೆಗೂ ತಲೆ ಕೆಡಿಸ್ಕೋಬೇಡ" ಅಂತ ಬರೆದಿದ್ದಾರೆ. ಭಾವ, ಬೇಜಾರು ಮಾಡ್ಕೋಬೇಡಿ, ಈ ವಿಷಯದಲ್ಲಿ ನಾನು ನಿಮ್ಮ ಮಾತು ಒಪ್ಪಲ್ಲ. ಮೆಕ್ಯಾನಿಕ್ ಹೇಳಿದ್ದನ್ನೂ ಒಪ್ಪಲ್ಲ.

ಮೊದಲು ಆ ಮುಳ್ಳಿನ ಗುಟ್ಟು ಕೇಳು. ಹಳೇ ಲಾರಿಗಳಲ್ಲಿ ಸೆನ್ಸರ್‌ನಿಂದ ಒಂದು ವೈರು ನೇರ ಮೀಟರಿಗೆ ಬರುತ್ತಿತ್ತು. ಇಂಜಿನ್ ತಣ್ಣಗಿಡುವ ನೀರು ಬಿಸಿಯಾದ ಹಾಗೆ ಮುಳ್ಳು ಏರುತ್ತಿತ್ತು, ತಣ್ಣಗಾದ ಹಾಗೆ ಇಳಿಯುತ್ತಿತ್ತು. ಈಗಿನ ಬಹಳಷ್ಟು ಗಾಡಿಗಳಲ್ಲಿ ನಡುವೆ ಕಂಪ್ಯೂಟರ್ ಕೂತಿದೆ. ಸೆನ್ಸರ್ ಹೇಳಿದ್ದನ್ನು ಅದು ಕೇಳಿಸಿಕೊಂಡು, ತನಗೆ ಬೇಕಾದ ಹಾಗೆ ಮುಳ್ಳನ್ನು ನಿಲ್ಲಿಸುತ್ತದೆ. ಎಷ್ಟೋ ಗಾಡಿಗಳಲ್ಲಿ ಸುಮಾರು 80 ಡಿಗ್ರಿಯಿಂದ 105ರವರೆಗೂ ಮುಳ್ಳು ಒಂದೇ ಕಡೆ, ನಡುವೆ ನಿಂತಿರುತ್ತದೆ. ಬೇಕಂತಲೇ ಹಾಗೆ ಮಾಡಿರುತ್ತಾರೆ. ಏಕೆಂದರೆ ಏರಿನಲ್ಲಿ ನೀರು ಹತ್ತು ಡಿಗ್ರಿ ಮೇಲೆ ಕೆಳಗೆ ಆಗುವುದು ಮಾಮೂಲಿ. ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಬಾಯಿ ಬಿಡಲು ಶುರು ಮಾಡುವುದೇ 82ರ ಆಸುಪಾಸಿನಲ್ಲಿ, ಪೂರ್ತಿ ತೆರೆಯುವುದು 95ರ ಹತ್ತಿರ. ಮುಳ್ಳು ಅಲ್ಲಾಡಿದಾಗಲೆಲ್ಲ ಜನ ಗಾಬರಿಯಾಗಿ ಶೋರೂಮಿಗೆ ಓಡಬಾರದು ಅಂತ ಈ ಉಪಾಯ.

ಈಗ ನಿನ್ನ ಮುಕ್ಕಾಲು ಮುಳ್ಳಿಗೆ ಬಾ. ನಡುವಿನಿಂದ ಮುಕ್ಕಾಲು ಅಂದರೆ ಸ್ವಲ್ಪವೇ ಅಲ್ವಾ ಅನ್ನಿಸುತ್ತದೆ. ನಿನ್ನದು ಈ ಥರದ ಮೀಟರ್ ಆಗಿದ್ದರೆ ಅದು ಸ್ವಲ್ಪವಲ್ಲ. ಮುಳ್ಳು ನಡುಜಾಗ ಬಿಟ್ಟು ಹೊರಟಿತು ಅಂದರೆ ನೀರು ಆಗಲೇ ನೂರು ದಾಟಿ ಹೋಗಿರುತ್ತದೆ. ಕೆಂಪಿನವರೆಗೆ ಕಾಯೋಣ ಅಂದರೆ ಕಾಯುವುದಕ್ಕೆ ಅಲ್ಲಿ ಹೆಚ್ಚು ಜಾಗವೇ ಉಳಿದಿರುವುದಿಲ್ಲ.

ಇನ್ನೊಂದು ವಿಷಯ, ರೇಡಿಯೇಟರ್ ಮುಚ್ಚಳ. ಇದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮುಚ್ಚಳ ಸುಮಾರು 1 ಬಾರ್ ಪ್ರೆಶರ್ ಹಿಡಿದರೆ ಅರ್ಧ ನೀರು ಅರ್ಧ ಕೂಲಂಟ್ ಕುದಿಯುವುದು 129 ಡಿಗ್ರಿ ಹತ್ತಿರ. ಮುಚ್ಚಳದ ರಬ್ಬರ್ ಹೋಗಿ ಪ್ರೆಶರ್ ನಿಲ್ಲಲಿಲ್ಲ ಅಂದುಕೋ, ಅದೇ ಮಿಶ್ರಣ 107ಕ್ಕೇ ಕುದಿಯುತ್ತದೆ. ಕೂಲಂಟ್ ಬಿಟ್ಟು ಬರೀ ನೀರು ಹಾಕಿದ್ದರೆ 100ಕ್ಕೇ. ಅಂದರೆ ಮುಳ್ಳು ಒಂದೇ ಜಾಗದಲ್ಲಿದೆ, ಒಂದು ಗಾಡಿ ಆರಾಮಾಗಿ ಹೋಗುತ್ತಿದೆ, ಇನ್ನೊಂದರೊಳಗೆ ಕೊತಕೊತ ಕುದಿಯುತ್ತಿದೆ. ಮೀಟರ್ ತೋರಿಸುವುದು ಬಿಸಿಯನ್ನು ಮಾತ್ರ. ಪ್ರೆಶರ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನು ನನ್ನ ಕಥೆ. ಅಕ್ಕನಿಗೆ ಗೊತ್ತು, ನಿನಗೆ ಹೇಳಿದ್ದೆನೋ ಇಲ್ಲವೋ. ನಾನು ಓಡಿಸುತ್ತಿದ್ದ ಕಾಲದಲ್ಲಿ ಒಮ್ಮೆ ಪೂರ್ತಿ ಲೋಡಿನಲ್ಲಿ ಏರು ಹತ್ತುತ್ತಿದ್ದೆ. ಮುಳ್ಳು ಮೆಲ್ಲಗೆ ಮೇಲೆ ಹೋಗುತ್ತಿತ್ತು, ನಾನೂ ನೋಡುತ್ತಲೇ ಇದ್ದೆ. ಇನ್ನೇನು ನಿಲ್ಲಿಸಬೇಕು ಅನ್ನುವಷ್ಟರಲ್ಲಿ ಅದು ತಾನಾಗಿ ಇಳಿಯಲು ಶುರುವಾಯಿತು. ಅರ್ಧಕ್ಕೆ ಬಂತು. ಕಾಲು ಭಾಗಕ್ಕೆ ಬಂತು. "ಸದ್ಯ, ಫ್ಯಾನ್ ಹಿಡಿಯಿತು" ಅಂದುಕೊಂಡು ಗೇರ್ ಕೂಡ ಇಳಿಸದೆ ಎಳೆದೆ. ಆಗ ಕ್ಯಾಬಿನ್ ಒಳಗೆ ಒಂಥರಾ ಸಿಹಿ ವಾಸನೆ ಬಂತು. ಹಿಂದೆಯೇ ಪೇಂಟ್ ಸುಟ್ಟ ವಾಸನೆ. ಹೀಟರ್ ಹಾಕಿದರೆ ತಣ್ಣನೆ ಗಾಳಿ! ಹೀಟರ್ ಬಿಸಿಯಾಗುವುದೇ ಇಂಜಿನ್ನಿನ ಬಿಸಿ ನೀರಿನಿಂದ; ಏರಿನಲ್ಲಿ, ಫುಲ್ ಲೋಡಿನಲ್ಲಿ, ಅದರಿಂದ ತಣ್ಣನೆ ಗಾಳಿ. ಅಷ್ಟು ಹೊತ್ತಿಗೆ ಇಂಜಿನ್ ದನಿಯೇ ಬದಲಾಗಿತ್ತು, ಎಳೆಯುತ್ತಿರಲಿಲ್ಲ.

ಆಗಿದ್ದು ಏನಪ್ಪಾ ಅಂದರೆ, ಕೆಳಗಿನ ಹೋಸ್ ಪೈಪಿನ ಕ್ಲಿಪ್ ಸಡಿಲವಾಗಿ ನೀರೆಲ್ಲ ರಸ್ತೆಗೆ ಹೋಗಿತ್ತು. ಸೆನ್ಸರ್ ಇರುವುದು ಇಂಜಿನ್ನಿನ ಮೇಲ್ಭಾಗದಲ್ಲಿ, ಥರ್ಮೋಸ್ಟಾಟ್ ಹತ್ತಿರ. ಅದು ಅಳೆಯುವುದು ತನ್ನನ್ನು ಮುಟ್ಟಿಕೊಂಡಿರುವ ನೀರನ್ನು. ನೀರೇ ಇಲ್ಲದ ಮೇಲೆ ಬರೀ ಗಾಳಿಯಲ್ಲಿ ನೇತಾಡುತ್ತಿತ್ತು. ಗಾಳಿ ನೀರಿನ ಹಾಗೆ ಬಿಸಿ ಮುಟ್ಟಿಸುವುದಿಲ್ಲ, ಅದಕ್ಕೇ ಮುಳ್ಳು ಇಳಿಯಿತು. ಒಳಗೆ ಇಂಜಿನ್ನಿನ ಮೇಲಿನ ಹೆಡ್ ಬೆಂದು ಬಗ್ಗಿತ್ತು, ಅದರ ಕೆಳಗಿನ ಗ್ಯಾಸ್ಕೆಟ್ ಸುಟ್ಟಿತ್ತು. ಆವತ್ತು ಹೊಗೆಯೂ ಕಾಣಲಿಲ್ಲ, ಆವಿಯೂ ಕಾಣಲಿಲ್ಲ. ಆವಿಯಾಗಲು ನೀರಾದರೂ ಇರಬೇಕಲ್ಲ.

ಅದಕ್ಕೇ ನಾನು ಏರುವ ಮುಳ್ಳಿಗಿಂತ ಕಾರಣವಿಲ್ಲದೆ ಇಳಿಯುವ ಮುಳ್ಳಿಗೆ ಜಾಸ್ತಿ ಹೆದರುತ್ತೇನೆ. ಏರಿನಲ್ಲಿ ಲೋಡ್ ಎಳೆಯುವಾಗ ಮುಳ್ಳು ಕೆಳಗೆ ಬಿತ್ತು ಅಂದರೆ ಖುಷಿ ಪಡಬೇಡ. ಹೀಟರ್ ಹಾಕಿ ನೋಡು. ತಣ್ಣನೆ ಗಾಳಿ ಬಂದರೆ ಅಲ್ಲೇ ಸೈಡಿಗೆ ಹಾಕಿ ಇಂಜಿನ್ ಆಫ್ ಮಾಡು. ಈಗಿನ ದೊಡ್ಡ ಲಾರಿಗಳ ಕೂಲಂಟ್ ಟ್ಯಾಂಕಿನಲ್ಲಿ ನೀರಿನ ಮಟ್ಟ ನೋಡುವ ಸೆನ್ಸರ್ ಬೇರೆಯೇ ಇರುತ್ತದೆ. ಅದರ ದೀಪ ಹತ್ತಿದರೆ, ಮುಳ್ಳು ಎಲ್ಲಿದ್ದರೂ ಸರಿ, ದೀಪದ ಮಾತು ಕೇಳು.

ಹಾಗಂತ ಮೆಕ್ಯಾನಿಕ್ ಹೇಳಿದ ಹಾಗೆ ಮೀಟರನ್ನೇ ಮರೆತುಬಿಡುವುದಾ? ಅದೂ ತಪ್ಪು. ಮುಳ್ಳು ತಾನು ಯಾವತ್ತೂ ಹೋಗದ ಕಡೆ ಹೋಯಿತು ಅಂದರೆ ಏನೋ ಬದಲಾಗಿದೆ. ವೈರಿನ ದೋಷವೇ ಇರಬಹುದು, ನೋಡದೆ ಹೇಗೆ ಗೊತ್ತಾಗುತ್ತದೆ? ವೈರಿಂಗ್ ದೋಷ ಹಿಡಿಯುವುದು ಅಷ್ಟು ಕಷ್ಟವಲ್ಲ. ಹಳೇ ಗಾಡಿಯಲ್ಲಿ ಡೀಸೆಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಕುಣಿದರೆ ಮೀಟರಿಗೆ ಹೋಗುವ ಕರೆಂಟಿನಲ್ಲೋ ಅರ್ಥಿಂಗಿನಲ್ಲೋ ತೊಂದರೆ. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಜಿಗಿದರೂ ಅಷ್ಟೇ. ನೀರು ಯಾವತ್ತೂ ಹಾಗೆ ಒಂದು ಸೆಕೆಂಡಿನಲ್ಲಿ ಬಿಸಿಯಾಗಿ ಒಂದು ಸೆಕೆಂಡಿನಲ್ಲಿ ತಣ್ಣಗಾಗುವುದಿಲ್ಲ. ಒಂದೇ ವೈರಿನ ಸೆನ್ಸರಿದ್ದರೆ, ವೈರು ಕಟ್ಟಾದಾಗ ಮುಳ್ಳು ತಣ್ಣಗಿನ ಕಡೆ ಮಲಗುತ್ತದೆ. ಗಾಡಿಯ ಲೋಹದ ಮೈಗೆ ತಾಗಿ ಶಾರ್ಟ್ ಆದರೆ ನೇರ ಬಿಸಿ ಕಡೆ ಹೊಡೆದುಕೊಳ್ಳುತ್ತದೆ.

ಸರಿಯಾದ ಲೆಕ್ಕ ಬೇಕು ಅಂದರೆ ಸ್ಕ್ಯಾನರ್ ಹಾಕಿಸು. ಸೆನ್ಸರ್ ಕಂಪ್ಯೂಟರಿಗೆ ಹೇಳುವ ಡಿಗ್ರಿ ಹಾಗೇ ಸ್ಕ್ರೀನ್ ಮೇಲೆ ಬರುತ್ತದೆ, ಮುಳ್ಳಿನ ನಾಟಕ ಅಲ್ಲಿ ಇಲ್ಲ. ಕೆಲವು ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಮೆನುವಿನಲ್ಲೇ ಈ ನಂಬರ್ ಅಡಗಿ ಕೂತಿರುತ್ತದೆ, ಮೊದಲು ಅದನ್ನು ಹುಡುಕು. ದೂರದಿಂದಲೇ ಬಿಸಿ ಅಳೆಯುವ ಲೇಸರ್ ಗನ್ನಿನಲ್ಲಿ ಥರ್ಮೋಸ್ಟಾಟ್ ಹೌಸಿಂಗಿಗೆ ಹೊಡೆದೂ ನೋಡಬಹುದು. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಹೊಡೆದರೆ ಗನ್ನು ಕಡಿಮೆ ತೋರಿಸುತ್ತದೆ. ಅಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹೊಡಿ.

ಸೆನ್ಸರ್ ಮೇಲೆಯೇ ಅನುಮಾನ ಇದ್ದರೆ ಬಿಚ್ಚಿ, ಪಾತ್ರೆಯ ನೀರಿನಲ್ಲಿ ಅದರ ತುದಿ ಇಳಿಬಿಟ್ಟು ಓಮ್ ಅಳೆಯುವ ಮಲ್ಟಿಮೀಟರ್ ಹಿಡಿ. ಎಷ್ಟೋ ಸೆನ್ಸರ್‌ಗಳು ತಣ್ಣೀರಿನಲ್ಲಿ ಎರಡು ಮೂರು ಸಾವಿರ ಓಮ್ ತೋರಿಸುತ್ತವೆ. ನೀರು ಕಾದಂತೆ ಅದು ಇಳಿಯುತ್ತಾ ಕುದಿಯುವ ಹೊತ್ತಿಗೆ ಇನ್ನೂರರ ಆಸುಪಾಸಿಗೆ ಬರುತ್ತದೆ. ನಿನ್ನ ಗಾಡಿಯ ಲೆಕ್ಕ ಬೇರೆ ಇರಬಹುದು, ಅದರ ಪುಸ್ತಕ ನೋಡು. ಮುಖ್ಯ ಏನಂದರೆ ಒಂದೇ ಸಮನೆ ಇಳಿಯಬೇಕು. ನಡುವೆ ಎಲ್ಲಾದರೂ ಎಗರಿದರೆ ಸೆನ್ಸರ್ ಬದಲಾಯಿಸು.

ಯಾರಾದರೂ "ಥರ್ಮೋಸ್ಟಾಟ್ ತೆಗೆದು ಬಿಸಾಕಿ, ತಣ್ಣಗಿರುತ್ತದೆ" ಅಂದರೆ ಕೈ ಮುಗಿದು ಕಳಿಸು. ಕೆಲವು ಇಂಜಿನ್ನಿನಲ್ಲಿ ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಿನ ಬೈಪಾಸ್ ದಾರಿಯಲ್ಲೇ ಸುತ್ತಿ ಇನ್ನೂ ಜಾಸ್ತಿ ಹೀಟ್ ಆಗುತ್ತದೆ.

ಈಗ ನೀನು ಮಾಡಬೇಕಾದ್ದು. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮುಚ್ಚಳ ತೆಗೆದು ಕೂಲಂಟ್ ಎಷ್ಟಿದೆ ನೋಡು, ರಬ್ಬರ್ ನೋಡು. ಬಿಸಿಯಲ್ಲಿ ಮುಚ್ಚಳ ಮುಟ್ಟಿದರೆ ಮುಖ ಸುಡುತ್ತದೆ, ತಮಾಷೆಯಲ್ಲ. ಆಮೇಲೆ ಟಾರ್ಚ್ ಹಿಡಿದು ಟರ್ಬೋ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವಿನ ಸಂದು ನೋಡು. ಮುಂದಿನಿಂದ ನೋಡಿದರೆ ಎಲ್ಲ ಕ್ಲೀನಾಗಿ ಕಾಣುತ್ತದೆ, ಧೂಳು, ಹುಳ, ಹೊಟ್ಟು ಎಲ್ಲ ಆ ಸಂದಿನಲ್ಲಿ ಕಂಬಳಿ ಥರ ಕೂತಿರುತ್ತದೆ. ನಿನ್ನ ಗಾಡಿಯಲ್ಲಿ ಇದೇ ಇರಬೇಕು ಅಂತ ನನ್ನ ಅನುಮಾನ. ಏರಿನಲ್ಲಿ ಮಾತ್ರ ಮುಳ್ಳು ಹೋಗಿ, ಇಳಿಜಾರಿನಲ್ಲಿ ವಾಪಸ್ ಬಂದಿದೆ ಅಂದರೆ ಸೆನ್ಸರ್ ಸರಿಯಾಗೇ ಕೆಲಸ ಮಾಡುತ್ತಿರಬೇಕು, ಬಿಸಿ ಹೊರಗೆ ಹೋಗುತ್ತಿಲ್ಲ. ಬಿಸಿಯಾದಾಗ ಫ್ಯಾನನ್ನು ಇಂಜಿನ್ ಜೊತೆ ತಿರುಗಿಸುವ ಫ್ಯಾನ್ ಕ್ಲಚ್ ಕೂಡ ನೋಡಿಸು. ಏರಿನಲ್ಲಿ ಫ್ಯಾನ್ ಹಿಡಿದಾಗ ಗೊರ್ರ್ ಅಂತ ಸದ್ದು ಬರಬೇಕು. ಮೊನ್ನೆ ಬಂತಾ, ನೆನಪಿದೆಯಾ?

ಅಲ್ಲಿಯವರೆಗೆ ಮುಳ್ಳು ನಡುಜಾಗ ಬಿಟ್ಟ ಕೂಡಲೇ ಗೇರ್ ಇಳಿಸು, ಎಕ್ಸಲೇಟರ್ ಕಡಿಮೆ ಒತ್ತು. ಸ್ಪೀಡ್ ಕಮ್ಮಿಯಾದರೂ ಇಂಜಿನ್ ಸುತ್ತು ಬೀಳಬಾರದು, ಪಂಪು ಫ್ಯಾನು ಎರಡೂ ಅದರಿಂದಲೇ ತಿರುಗುವುದು. ಹೀಟರ್ ಫುಲ್ ಹಾಕು, ಬೆವರಿದರೆ ಬೆವರು. ಆದರೂ ಇಳಿಯದಿದ್ದರೆ ನಿಲ್ಲಿಸು. ನೀರು ಇದೆ ಅಂತ ಖಾತ್ರಿ ಇದ್ದರೆ ನಾಲ್ಕೈದು ನಿಮಿಷ ಐಡಲಿಂಗಿನಲ್ಲಿ ಬಿಟ್ಟು ಆಮೇಲೆ ಆಫ್ ಮಾಡು. ಬಿಸಿಯಲ್ಲಿ ತಟ್ಟನೆ ಆಫ್ ಮಾಡಿದರೆ ನೀರು ಓಡುವುದು ನಿಂತು ಒಳಗಿನ ಬಿಸಿ ಇನ್ನೂ ಏರುತ್ತದೆ, ಟರ್ಬೋಗೂ ಒಳ್ಳೆಯದಲ್ಲ.

ಸ್ಕ್ಯಾನರ್ ಹಾಕಿಸಿದ ದಿನ ಖಾಲಿ ಗಾಡಿಯಲ್ಲಿ ಎಷ್ಟು ಡಿಗ್ರಿ, ಲೋಡಿನಲ್ಲಿ ಏರು ಹತ್ತುವಾಗ ಎಷ್ಟು, ಎರಡೂ ಬರೆದಿಟ್ಟುಕೊಂಡು ಇಲ್ಲಿ ಹಾಕು. ಆಗ ಮುಳ್ಳು ಎಲ್ಲಿತ್ತು ಅಂತ ಒಂದು ಫೋಟೋನೂ ಇರಲಿ, ಪಕ್ಕದಲ್ಲಿ ಕೂತವನ ಕೈಲಿ ತೆಗೆಸು. ರಾತ್ರಿ ನೋಡಿ ಹೇಳುತ್ತೇನೆ. ಅಕ್ಕಾ, ನೀನು ಗಾಬರಿ ಬೀಳಬೇಡ, ಅವನು ಕೇಳಿದ್ದೇ ಒಳ್ಳೆಯದಾಯಿತು. ಸರಿ, ಇಡುತ್ತೇನೆ.